ವಿಯೆಟ್ನಾಂನಲ್ಲಿ ಮದುವೆ ಆಗೋರು ಗಮನಿಸಿ: ‘ಫಾರಿನರ್ ಪ್ಯಾಕೇಜ್’ಗೆ ಅಡ್ವಾನ್ಸ್ ಹಾಕಬೇಡಿ

ಹೋ ಚಿ ಮಿನ್ ಸಿಟಿಯಲ್ಲಿ ಕೂತು, ಇಂಗ್ಲಿಷ್‌ನಲ್ಲಿ ನಯವಾಗಿ ಮಾತಾಡಿ, ‘ಪಕ್ಕಾ ಸಾಂಪ್ರದಾಯಿಕ ಮದುವೆ, ಎಲ್ಲ ನಮ್ಮ ಜವಾಬ್ದಾರಿ’ ಅನ್ನೋ ಇವೆಂಟ್‌ನವರಿಗೆ ಅಡ್ವಾನ್ಸ್ ಹಾಕಬೇಡಿ. ಹಾಕಬೇಡಿ ಅಂದ್ರೆ ಹಾಕಬೇಡಿ. ಅವರ ಹೆಸರು ಇಲ್ಲಿ ಬರೆಯಲ್ಲ. ಬರೆದರೆ ನಾಳೆ ಬೇರೆ ಬೋರ್ಡ್ ಹಾಕ್ಕೊಂಡು ಕೂರ್ತಾರೆ, ಅಷ್ಟೇ. ವರಸೆ ಗೊತ್ತಾದರೆ ಸಾಕು. ಗಂಡು ನಮ್ಮ ಕಡೆ, ಹುಡುಗಿ ಅಲ್ಲಿಯವಳು; ಆ ಮದುವೆಗೆ ಇವರನ್ನು ಹಿಡಿದು ಕೈ ಸುಟ್ಟುಕೊಂಡೆವು.

ಪ್ಯಾಕೇಜ್ 98,000,000 ಡಾಂಗ್. ಸೊನ್ನೆಗಳನ್ನು ನೋಡಿ ಗಾಬರಿ ಆಗಬೇಡಿ, ರೂಪಾಯಿಗೆ ಸುಮಾರು 300 ಡಾಂಗ್ ಹಿಡಿದರೆ ಮೂರೂಕಾಲು ಲಕ್ಷ. ಅರ್ಧ ಮುಂಗಡ, ಉಳಿದದ್ದು ಮದುವೆಗೆ ಏಳು ದಿನ ಮೊದಲು. ಊಟ ಇದರಲ್ಲಿ ಸೇರಿಲ್ಲ. ಕಾಣಿಕೆ ತಟ್ಟೆ, ಹೊರುವ ಹುಡುಗರು, ಗಂಡಿನ ಕಡೆಯಿಂದ ಮಾತಾಡೋಕೆ ಒಬ್ಬ ಹಿರಿಯ, ಬಾಡಿಗೆ ಆವ್ ಯಾಯ್ (ಅಲ್ಲಿನ ಉದ್ದ ನಿಲುವಂಗಿ), ಗೇಟಿನ ಅಲಂಕಾರ, ‘ಸರ್ಕಾರಿ ಕಾಗದಪತ್ರ’, ಇಷ್ಟು. ಕೊನೆಯದಕ್ಕೆ ಆಮೇಲೆ ಬರ್ತೀನಿ, ಅದು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ಮೊದಲು ವಾಸನೆ ಬಡಿದದ್ದು ತಾರೀಖಿನಲ್ಲಿ. 2025ರ ಸೆಪ್ಟೆಂಬರ್ 10ಕ್ಕೆ ಹಾಲ್ ಖಾಲಿ ಇದೆ, ಶೇ. 20 ರಿಯಾಯಿತಿ, ಇವತ್ತೇ ಹೇಳಿ ಅಂತ ಒಂದೇ ಸಮ ಮೆಸೇಜ್. ಖಾಲಿ ಯಾಕಿದೆ? ಅಲ್ಲಿನ ಚಾಂದ್ರಮಾನದ ಏಳನೇ ತಿಂಗಳು ಆ ವರ್ಷ ಆಗಸ್ಟ್ 23ರಿಂದ ಸೆಪ್ಟೆಂಬರ್ 21ರವರೆಗೆ. ದಿಕ್ಕಿಲ್ಲದ ಪ್ರೇತಗಳು ಅಲೆಯೋ ತಿಂಗಳು ಅದು, ಆಗ ಹೆಚ್ಚಿನವರು ಮದುವೆ ಇಟ್ಟುಕೊಳ್ಳಲ್ಲ. ನಮ್ಮಲ್ಲಿ ಆಷಾಢದಲ್ಲಿ ಛತ್ರ ಅಗ್ಗಕ್ಕೆ ಸಿಕ್ತು ಅಂತ ಹಿಗ್ಗೋ ಹಾಗಾಯ್ತು ಕಥೆ. ಅಲ್ಲಿ ಎಷ್ಟೋ ಮನೆಗಳ ಗೋಡೆ ಮೇಲೆ ದಿನಕ್ಕೊಂದು ಹಾಳೆ ಹರಿಯೋ ಕ್ಯಾಲೆಂಡರ್ ಇರುತ್ತೆ. ಮೇಲೆ ದಪ್ಪಕ್ಷರದಲ್ಲಿ ಇಂಗ್ಲಿಷ್ ತಾರೀಖು, ಕೆಳಗೆ ಸಣ್ಣದಾಗಿ ಚಾಂದ್ರಮಾನದ ತಾರೀಖು. ಹುಡುಗಿಯ ಅಮ್ಮ ಆ ಸಣ್ಣ ಅಂಕಿ ಮೇಲೆ ಬೆರಳಿಟ್ಟು ತಲೆ ಅಲ್ಲಾಡಿಸಿದ ಮೇಲೇ ನಮಗೆ ತಿಳಿದದ್ದು.

ಇವೆಂಟ್‌ನವರನ್ನು ಕೇಳಿದ್ದಕ್ಕೆ ಬಂದ ಉತ್ತರ: ‘ಯಾ ಆನ್, ಫಾರಿನರ್‌ಗಳು ಇದನ್ನೆಲ್ಲ ನೋಡಲ್ಲ.’ ಯಾ ಆನ್ ಅಂದ್ರೆ ದಕ್ಷಿಣದ ಉಚ್ಚಾರದಲ್ಲಿ ‘ಸರಿ ಅಣ್ಣಾ’ ಅಂತ. ಝಾಲೋದಲ್ಲಿ (ಅಲ್ಲಿನ ವಾಟ್ಸಾಪ್ ಅನ್ನಿ) ಅವರ ಪ್ರತಿ ಸುಳ್ಳೂ ಯಾ ಆನ್‌ನಿಂದಲೇ ಶುರು. ನವೆಂಬರ್‌ಗೆ ಬದಲಾಯಿಸಿದ್ದಕ್ಕೆ 10,000,000 ದಂಡ ಬೇರೆ.

ಅಲ್ಲೇ ಬಿಡಬೇಕಿತ್ತು. ಅಡ್ವಾನ್ಸ್ ಹೋಗುತ್ತಲ್ಲ ಅನ್ನೋ ಆಸೆ ಬಿಡಲಿಲ್ಲ.

ಈಗ ತಟ್ಟೆಗಳ ವಿಷಯ. ಇದನ್ನು ಎರಡು ಸಲ ಓದಿ. ನಿಶ್ಚಿತಾರ್ಥಕ್ಕೆ ಅಲ್ಲಿ ಡಾಮ್ ಹೊಯ್ ಅಂತಾರೆ, ಮದುವೆಗೆ ಡಾಮ್ ಕೂಯ್. ಈಗ ಎರಡನ್ನೂ ಒಂದೇ ದಿನ ಮುಗಿಸೋದೂ ಉಂಟು, ವಿದೇಶದಿಂದ ಬರೋರು ಹಾಗೇ ಮಾಡೋದು ಜಾಸ್ತಿ. ಗಂಡಿನ ಕಡೆಯವರು ಕೆಂಪು ಬಟ್ಟೆ ಮುಚ್ಚಿದ ದುಂಡು ತಟ್ಟೆಗಳನ್ನು ಹೊತ್ತು ಹೆಣ್ಣಿನ ಮನೆಗೆ ಮೆರವಣಿಗೆಯಲ್ಲಿ ಬರಬೇಕು. ಎಲೆ ಅಡಿಕೆ ಇಲ್ಲದೆ ಮಾತೇ ಇಲ್ಲ. ವೀಳ್ಯಶಾಸ್ತ್ರ ಕಂಡ ನಮ್ಮವರಿಗೆ ಇದನ್ನು ವಿವರಿಸಬೇಕಿಲ್ಲ. ಅದರ ಜೊತೆ ಟೀ, ಮದ್ಯ, ಹಣ್ಣು, ‘ಗಂಡ ಹೆಂಡತಿ’ ಅಂತಲೇ ಹೆಸರಿರೋ ಬಾನ್ ಫು ಥೇ ಸಿಹಿ, ಕೆಂಪಗಿನ ಗಾಕ್ ಹಣ್ಣು ಹಾಕಿ ಬೇಯಿಸಿದ ಅಂಟಕ್ಕಿ ಅನ್ನ, ಶಕ್ತಿ ಇದ್ದರೆ ಇಡೀ ಸುಟ್ಟ ಹಂದಿ. ಮಾಂಸ ಬೇಡ ಅನ್ನೋ ಮನೆಯವರು ಹಂದಿ ಜಾಗಕ್ಕೆ ಅಂಟಕ್ಕಿ ಅನ್ನ ಇಡ್ತೀವಿ ಅಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಕೇಳೋಕೆ ನಾಚಬೇಡಿ.

ತಟ್ಟೆ ಎಷ್ಟು ಅನ್ನೋದೇ ಮುಖ್ಯ. ಹನೋಯ್ ಕಡೆ, ಅಂದರೆ ಉತ್ತರದಲ್ಲಿ, ಬೆಸ ಸಂಖ್ಯೆ: 5, 7, 9. ದಕ್ಷಿಣದಲ್ಲಿ ಸಮ: 6, 8, 10. ಎಲ್ಲ ಜೋಡಿಯಾಗಿರಬೇಕು ಅನ್ನೋದು ದಕ್ಷಿಣದವರ ಲೆಕ್ಕ. ಹುಡುಗಿ ಮನೆ ಇರೋದು ಮೆಕಾಂಗ್ ಬಯಲಿನಲ್ಲಿ, ಕಾನ್ ಥೋ ಹತ್ತಿರ. ದಕ್ಷಿಣದಲ್ಲೂ ದಕ್ಷಿಣ. ಒಪ್ಪಂದದಲ್ಲಿ ‘ಒಂದು ಸೆಟ್ ತಟ್ಟೆ’ ಅಂತಷ್ಟೇ ಇತ್ತು. ಸೆಟ್ ಅಂದ್ರೆ ಎಷ್ಟು ಅಂತ ಕೇಳಲಿಲ್ಲ. ಕೇಳಲಿಲ್ಲ!

ಬಂದದ್ದು ಏಳು.

ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ಹೋಗೋ ಮುಹೂರ್ತ. ತೆಂಗಿನ ಗರಿ ಹೆಣೆದು ಮಾಡಿದ ಗೇಟಿನ ಮುಂದೆ ಹೆಣ್ಣಿನ ಕಡೆಯ ಆರು ಹುಡುಗಿಯರು ಸಾಲಾಗಿ ನಿಂತಿದ್ದಾರೆ. ತಟ್ಟೆ ಕೊಡೋರು, ತಗೊಳ್ಳೋರು ಇಬ್ಬರೂ ಮದುವೆ ಆಗದವರಾಗಿರಬೇಕು, ಕೈ ಬದಲಾಗುವಾಗ ಒಬ್ಬರಿಗೊಬ್ಬರು ಕೆಂಪು ಲಕೋಟೆ ಕೊಡಬೇಕು. ಎದುರಿಗೆ ನಮ್ಮ ಕಡೆಯಿಂದ ಏಳು ಹುಡುಗರು. ಆರು ತಟ್ಟೆ ಕೈ ಬದಲಾಯ್ತು. ಏಳನೇ ಹುಡುಗ ತಟ್ಟೆ ಎತ್ತಿ ಹಿಡಿದು ಹಾಗೇ ನಿಂತ. ಪಕ್ಕದ ಮನೆ ಅಜ್ಜಿ ಬೆರಳು ಮಡಿಸಿ ಎಣಿಸಿದರು, ಇನ್ನೊಮ್ಮೆ ಎಣಿಸಿದರು, ಬಾಯಿ ಮೇಲೆ ಕೈ ಇಟ್ಟುಕೊಂಡರು. ಊರೆಲ್ಲ ನೋಡ್ತಿದೆ, ಫೋನುಗಳು ಮೇಲೆ ಎದ್ದಿವೆ. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಫೋನ್ ಮಾಡಿದರೆ: ‘ಯಾ ಆನ್, ಹನೋಯ್ ಸ್ಟೈಲ್ ಹೆಚ್ಚು ರಾಯಲ್. ಫಾರಿನರ್‌ಗಳಿಗೆಲ್ಲ ಏಳೇ ಕೊಡೋದು.’ ಅಲ್ಲಾ ಸ್ವಾಮಿ, ಹುಡುಗಿ ಫಾರಿನರ್ ಅಲ್ಲವಲ್ಲ! ಅವರ ಮನೆಯವರು ಫಾರಿನರ್ ಅಲ್ಲವಲ್ಲ! ಪುಣ್ಯಕ್ಕೆ ಹುಡುಗಿಯ ಚಿಕ್ಕಪ್ಪ ಒಂದು ಮಾತೂ ಆಡದೆ ಆ ಹುಡುಗನ ಭುಜ ಹಿಡಿದು ತಿರುಗಿಸಿ, ತಟ್ಟೆ ಸಮೇತ ವ್ಯಾನಿಗೆ ವಾಪಸ್ ಕಳಿಸಿದರು. ಅದರಲ್ಲಿ ಇದ್ದದ್ದು ಹನೋಯ್‌ನ ಎಳೆ ಅಕ್ಕಿಯ ಹಸಿರು ಸಿಹಿ, ಬಾನ್ ಕೋಮ್. ಆ ಊರಲ್ಲಿ ಯಾರೂ ಕೇಳಿರಲಿಲ್ಲ.

ಗೇಟಿನ ಬೋರ್ಡೂ ತಪ್ಪು. ಹೆಣ್ಣಿನ ಮನೆ ಬಾಗಿಲಿಗೆ ‘ವು ಕ್ವೀ’ ಅಂತ ಬರಬೇಕು, ಮಗಳು ಗಂಡನ ಮನೆಗೆ ಹೊರಟಳು ಅನ್ನೋ ಅರ್ಥ. ‘ತಾನ್ ಹೋನ್’ ಬರೋದು ಗಂಡಿನ ಮನೆಗೆ. ಇವರು ಹೆಣ್ಣಿನ ಮನೆಗೇ ತಾನ್ ಹೋನ್ ಹೊಡೆದಿದ್ದರು. ಬೆಳಗಿನ ಜಾವ ಹುಡುಗಿಯ ತಮ್ಮ ಏಣಿ ಹಾಕಿ ಕಿತ್ತ.

ಇದಾದ ಮೇಲಾದರೂ ಮುಗೀತಾ ಅಂದ್ರೆ ಇಲ್ಲ. ತಟ್ಟೆಗಳ ಮೇಲಿನ ಕೆಂಪು ಬಟ್ಟೆ ತೆಗೆದು, ಪೂರ್ವಜರ ಪೀಠದ ಮುಂದೆ ಡ್ರ್ಯಾಗನ್ ಮತ್ತು ಫೀನಿಕ್ಸ್ ಚಿತ್ರದ ಎರಡು ದಪ್ಪ ಮೇಣದಬತ್ತಿ ಹಚ್ಚಿ (ಫ್ಯಾನ್ ಆರಿಸಿರಿ, ಒಂದು ಆರಿಹೋದರೂ ಅಪಶಕುನ ಅಂತ ಮುಖ ಸಣ್ಣದಾಗುತ್ತೆ), ಧೂಪ, ಟೀ ಎಲ್ಲ ಆದ ಮೇಲೆ ‘ಲಾಯ್ ಕ್ವಾ’ ಅಂತ ಒಂದಿದೆ. ಪ್ರತಿ ತಟ್ಟೆಯಿಂದ ಒಂದು ಪಾಲು ತೆಗೆದು ಹೆಣ್ಣಿನವರು ಗಂಡಿನವರಿಗೆ ವಾಪಸ್ ಕೊಡಬೇಕು. ಅಡಿಕೆಯನ್ನು ಕೈಯಲ್ಲೇ ಕಿತ್ತು ಕೊಡೋದು, ಚಾಕು ಕತ್ತರಿ ತಾಗಿಸಲ್ಲ. ಅಂದರೆ ತಟ್ಟೆಯಲ್ಲಿ ಇರೋದು ನಿಜವಾದ ಸಾಮಾನು ಆಗಿರಲೇಬೇಕು, ಎಲ್ಲರ ಎದುರಿಗೇ ಬಿಚ್ಚುತ್ತಾರೆ.

ಹುಡುಗಿಯ ಚಿಕ್ಕಮ್ಮ ಹಣ್ಣಿನ ತಟ್ಟೆಗೆ ಕೈ ಹಾಕಿ ಒಂದು ಸೇಬು ಎತ್ತಿದರು. ಸೇಬಿನ ಹಿಂದೆ, ಹಣ್ಣು ಜೋಡಿಸಿ ಮಾಡಿದ್ದ ಇಡೀ ಡ್ರ್ಯಾಗನ್ ಆಕಾರವೇ ಎದ್ದು ಬಂತು. ಒಳಗೆ ಬಿಳಿ ಥರ್ಮೋಕೋಲ್. ಪ್ರತಿ ಹಣ್ಣಿಗೂ ಟೂತ್‌ಪಿಕ್ ಚುಚ್ಚಿ ಅದಕ್ಕೆ ಸಿಕ್ಕಿಸಿದ್ದಾರೆ. ಚುಚ್ಚಿದ ಹಣ್ಣು 170 ಕಿಲೋಮೀಟರ್ ರಾತ್ರಿ ವ್ಯಾನಿನಲ್ಲಿ ಬಂದು ತೂತಿನ ಸುತ್ತ ಕಂದು ತಿರುಗಿ ರಸ ಬಿಟ್ಟಿತ್ತು. ಆ ಥರ್ಮೋಕೋಲ್ ತುಂಡನ್ನು ಅವರು ಕೈಯಲ್ಲಿ ಹಿಡಿದುಕೊಂಡು ನಮ್ಮ ಕಡೆ ಒಂದು ಸಲ ನೋಡಿದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಟೀ ಡಬ್ಬ ಎತ್ತಿದರೆ ಹಗುರ, ಖಾಲಿ. ಅಡಿಕೆ 105 ಇರಬೇಕು. ಅವರ ಭಾಷೆಯಲ್ಲಿ ‘ನಾಮ್’ ಅಂದರೆ ಐದೂ ಹೌದು, ವರ್ಷವೂ ಹೌದು, ನೂರ ಐದು ಅಂದರೆ ನೂರು ವರ್ಷ ಬಾಳಿ ಅನ್ನೋ ಹಾರೈಕೆ. ಇವರು ತಂದದ್ದು ಒಂದೇ ಕೊನೆಯೂ ಅಲ್ಲ, ಎರಡು ಬಡಕಲು ಕೊನೆಗಳನ್ನು ತಂತಿಯಲ್ಲಿ ಬಿಗಿದು ಮೇಲೆ ಕೆಂಪು ರಿಬ್ಬನ್ ಸುತ್ತಿದ್ದು. ಎಣಿಸಿದರೆ 83. ಮಲೆನಾಡಿನ ಮಂದಿ ಕಣ್ಣಿಗೆ ಆ ತಂತಿ ದೂರದಿಂದಲೇ ಕಂಡಿರುತ್ತಿತ್ತು.

ಉತ್ತರ ಕೇಳಿ: ‘ಯಾ ಆನ್, ಒಪ್ಪಂದದಲ್ಲಿ ತಟ್ಟೆ ಅಲಂಕಾರ ಅಂತಿದೆ, ತಟ್ಟೆ ಸಾಮಾನು ಅಂತಿಲ್ಲ. ಫೋಟೋದಲ್ಲಿ ಚೆನ್ನಾಗಿ ಬಂದಿದೆಯಲ್ಲ?’

ಫೋಟೋದಲ್ಲಿ ಚೆನ್ನಾಗಿ ಬಂದಿದೆಯಂತೆ! ಇದಕ್ಕೆ 24,000,000 ತಗೊಂಡಿದ್ದಾರೆ. ಹುಡುಗಿ ಊರಿನ ಮಾರುಕಟ್ಟೆ ಪಕ್ಕದ ಅಂಗಡಿಯಲ್ಲಿ ಆಮೇಲೆ ವಿಚಾರಿಸಿದರೆ ಆರು ತಟ್ಟೆ, ತಾಜಾ ಅಡಿಕೆ, ನಿಜವಾದ ಟೀ, ಹಂದಿ ಬಿಟ್ಟು, 7,000,000 ಅಂದರು. ತಟ್ಟೆಗಳನ್ನು ಹೆಣ್ಣಿನ ಊರಿನಲ್ಲೇ, ಹೆಣ್ಣಿನ ಮನೆಯವರ ಕೈಯಲ್ಲೇ ಮಾಡಿಸಿ. ದುಡ್ಡು ನೀವು ಕೊಡಿ. ಮರ್ಯಾದೆಗೆ ಏನೂ ಕಡಿಮೆ ಆಗಲ್ಲ.

ಬಾಡಿಗೆ ಹಿರಿಯನ ಬಗ್ಗೆ ಹೆಚ್ಚು ಹೇಳಲ್ಲ. ಗಂಡಿನ ಕಡೆಯಿಂದ ಮೊದಲು ಮದ್ಯದ ಹೂಜಿ, ಎಲೆ ಅಡಿಕೆ ಇರೋ ಸಣ್ಣ ತಟ್ಟೆ ಹಿಡಿದು ಒಳಗೆ ಹೋಗಿ ಅಪ್ಪಣೆ ಕೇಳೋದು ಅವನ ಕೆಲಸ. ಅಚ್ಚ ಹನೋಯ್ ಉಚ್ಚಾರದಲ್ಲಿ ಶುರು ಮಾಡಿದ, ಮದುಮಗಳ ಹೆಸರು ತಪ್ಪು ಹೇಳಿದ. ಹುಡುಗಿಯ ಆಫೀಸಿನ ಹಿರಿಯರನ್ನೋ ಅಲ್ಲಿ ನೆಲೆಸಿರೋ ಮಧ್ಯವಯಸ್ಸಿನ ದಂಪತಿಯನ್ನೋ ಕೇಳಿಕೊಳ್ಳಿ, ಖಂಡಿತ ಬರ್ತಾರೆ. ‘ಗಂಡಿನ ಮನೆ’ ಅಂತ ಹೋಟೆಲ್ ಲಾಬಿ ತೋರಿಸಿದರೂ ಒಪ್ಪಬೇಡಿ, ಹೆಣ್ಣಿನ ಮನೆಯಿಂದ ಎರಡು ಮೂರು ಕಿಲೋಮೀಟರ್ ಒಳಗೆ ಒಂದು ಮನೆ ಬಾಡಿಗೆಗೆ ಹಿಡಿಯಿರಿ.

ಊಟದ ಹಾಲ್ ಲೆಕ್ಕ ತಲೆಗೆ ಅಲ್ಲ, ಮೇಜಿಗೆ. ದಕ್ಷಿಣದಲ್ಲಿ ಮೇಜಿಗೆ ಹತ್ತು ಜನ. ನಾಲ್ಕೇ ಜನ ಕೂತರೂ ಪೂರ್ತಿ ಮೇಜಿನ ದುಡ್ಡು. ಪಾನೀಯ, ಸರ್ವಿಸ್ ಚಾರ್ಜ್, ತೆರಿಗೆ ಬೇರೆ; ಬೆಲೆಪಟ್ಟಿಯಲ್ಲಿ ಇರಲ್ಲ, ಬಿಲ್ಲಿನಲ್ಲಿ ಇರುತ್ತೆ. ಸಸ್ಯಾಹಾರಕ್ಕೆ ಅಲ್ಲಿ ‘ಚಾಯ್’ ಅಂತಾರೆ (ಟೀ ಅಲ್ಲ!). ನಮ್ಮವರ ಮೇಜಿಗೆ ಚಾಯ್ ಅಂತ ಬರೆಸಿದ್ದರೂ ಅದ್ದಿಕೊಳ್ಳೋ ಬಟ್ಟಲಲ್ಲಿ ಮೀನಿನ ಸಾಸೇ ಬಂತು. ‘ಯಾ ಆನ್, ಅದು ಮೀನಲ್ಲ, ಸಾಸ್.’ ಸೋಯಾ ಸಾಸ್ ಅಂತ ಹೆಸರು ಹಿಡಿದು ಬರೆಸಿ. ಉಡುಗೊರೆ ಲಕೋಟೆ ಹಾಕೋ ಪೆಟ್ಟಿಗೆಗೆ ‘ನಮ್ಮ ಸ್ಟಾಫ್ ಇರ್ತಾರೆ’ ಅಂದರು. ಅದೊಂದಕ್ಕೆ ಮಾತ್ರ ಹುಡುಗಿಯ ಅಮ್ಮ ಬಿಡಲಿಲ್ಲ, ಎರಡೂ ಕಡೆಯ ಒಬ್ಬೊಬ್ಬರನ್ನು ಕೂರಿಸಿದರು.

ಈಗ ಕಾಗದಪತ್ರ. ಶಾಸ್ತ್ರ ಮುಗಿದರೆ ಕಾನೂನಿನ ಪ್ರಕಾರ ಮದುವೆ ಆದ ಹಾಗಲ್ಲ, ನೋಂದಣಿ ಬೇರೆಯೇ. ‘ಜಿಲ್ಲಾ ಕಚೇರಿಯಲ್ಲಿ ನಮ್ಮವರಿದ್ದಾರೆ’ ಅಂತ 15,000,000 ಇಸ್ಕೊಂಡರು. 2025ರ ಜುಲೈ 1ರಿಂದ ವಿಯೆಟ್ನಾಂನಲ್ಲಿ ಜಿಲ್ಲಾ ಹಂತದ ಆಡಳಿತವನ್ನೇ ರದ್ದು ಮಾಡಿದ್ದಾರೆ! ಪ್ರಾಂತ್ಯಗಳು 63 ಇದ್ದದ್ದು 34 ಆಗಿವೆ, ವಿದೇಶಿಯರ ಮದುವೆ ನೋಂದಣಿ ವಾರ್ಡ್ ಅಥವಾ, ನಮ್ಮ ಗ್ರಾಮ ಪಂಚಾಯಿತಿ ತರದ, ಕಮ್ಯೂನ್‌ನ ಜನತಾ ಸಮಿತಿ ಕಚೇರಿಗೆ ಇಳಿದಿದೆ. ಇಲ್ಲದ ಕಚೇರಿಯಲ್ಲಿ ಇರೋ ಮನುಷ್ಯನಿಗೆ ನಾವು ದುಡ್ಡು ಕೊಟ್ಟಿದ್ದೀವಿ. ಬೇಕಿರೋದು ಇಷ್ಟೇ: ಅವಿವಾಹಿತ ಅನ್ನೋ ಪ್ರಮಾಣಪತ್ರ, ಮಾನಸಿಕ ಕಾಯಿಲೆ ಇಲ್ಲ ಅಂತ ವೈದ್ಯಕೀಯ ಪತ್ರ, ಪಾಸ್‌ಪೋರ್ಟ್ ನಕಲು, ಅರ್ಜಿ. ಭಾರತದ ಕಾಗದಕ್ಕೆ 2025ರಲ್ಲಿ ಮೊದಲು ನಮ್ಮ ವಿದೇಶಾಂಗ ಸಚಿವಾಲಯದ ಮುದ್ರೆ, ಆಮೇಲೆ ವಿಯೆಟ್ನಾಂ ರಾಯಭಾರ ಕಚೇರಿಯ ದೃಢೀಕರಣ, ಆಮೇಲೆ ವಿಯೆಟ್ನಾಮಿ ಅನುವಾದ ಬೇಕಿತ್ತು. ಸಹಿ ಹಾಕೋವಾಗ ಇಬ್ಬರೂ ಅಲ್ಲಿರಬೇಕು. ಎಚ್ಚರ, ವೈದ್ಯಕೀಯ ಪತ್ರ ಆರು ತಿಂಗಳಿಗಿಂತ ಹಳೆಯದಾದರೆ ನಡೆಯಲ್ಲ. ಇವರು ಫೈಲ್ ಮೇಲೆ ಕೂತು ಕೂತು ಅದರ ಅವಧಿ ಮುಗಿಸಿದರು. ಹುಡುಗಿಯೇ ಕಮ್ಯೂನ್ ಕಚೇರಿಗೆ ಹೋಗಿ ಕೇಳಿದಾಗ ಅಲ್ಲಿನವರು ಒಂದು ಹಾಳೆಯಲ್ಲಿ ಪಟ್ಟಿ ಬರೆದುಕೊಟ್ಟರು, ಪುಕ್ಕಟೆ.

ದುಡ್ಡು ವಾಪಸ್ ಕೇಳಿ ಈಗ ಎರಡು ತಿಂಗಳು. ಉಂಡೂ ಹೋದ ಕೊಂಡೂ ಹೋದ ಅನ್ನೋ ಹಾಗೆ, ತಟ್ಟೆಗಳಿಗೆ ಅಂತ ಬೇರೆ ಇಟ್ಟುಕೊಂಡಿದ್ದ ಡಿಪಾಸಿಟ್ಟೂ ಕೊಟ್ಟಿಲ್ಲ. ಮೊನ್ನೆ ಬಂದ ಉತ್ತರ: ‘ಯಾ ಆನ್, ಮುಚ್ಚಳಗಳಿಗೆ ಎಲೆ ಅಡಿಕೆ ಸುಣ್ಣದ ಕಲೆ ಆಗಿದೆ, ತಟ್ಟೆಗೆ 500,000ದಂತೆ ಏಳು ತಟ್ಟೆಗೂ ಹಿಡಿದಿದ್ದೇವೆ.’

ಏಳನೇ ತಟ್ಟೆ ವ್ಯಾನಿನಲ್ಲೇ ಇತ್ತು. ಅದರ ಮುಚ್ಚಳವನ್ನು ಯಾರೂ ತೆಗೆದೇ ಇರಲಿಲ್ಲ.