ವ್ಯಕ್ತಿತ್ವ ಪ್ರಕಾರಗಳ ಜಾಲತಾಣ: ಕೆಲವು ವರ್ಷಗಳ ಚಂದಾದಾರಿಕೆಯ ನಂತರ

ಮಡಿಕೇರಿಯಲ್ಲಿ ಪಿಯು ಉಪನ್ಯಾಸಕನಾಗಿರುವ ನನ್ನ ಪಾಲಿಗೆ, ಮಕ್ಕಳು ಮುಂದೇನು ಓದಬೇಕೆಂದು ಸಲಹೆ ಹೇಳುವ ಕೆಲಸವೂ ಬಂದಿದೆ. ಆ ಕಾರಣದಿಂದಲೇ, ಮನುಷ್ಯರನ್ನು ಹದಿನಾರು ಬಗೆಗಳಾಗಿ ವಿಂಗಡಿಸುವ ಒಂದು ಜನಪ್ರಿಯ ಜಾಲತಾಣಕ್ಕೆ ಚಂದಾದಾರನಾಗಿ, ಕೆಲವು ವರ್ಷಗಳಿಂದ ಅದನ್ನು ಬಳಸುತ್ತ ಬಂದಿದ್ದೇನೆ. ತಾಣದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಕೊಡುವ ವಿವರಣೆಗಳು ಎಷ್ಟು ನಿಖರ, ಎಷ್ಟು ನಿಷ್ಪಕ್ಷಪಾತ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಬಳಕೆಯ ಅನುಕೂಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪುಟಗಳು ಅಂದವಾಗಿವೆ, ಮೊಬೈಲಿನಲ್ಲಿ ಬೇಗ ತೆರೆದುಕೊಳ್ಳುತ್ತವೆ. ಆದರೆ ಅರ್ಧ ಉತ್ತರಿಸಿದ ಪರೀಕ್ಷೆಯನ್ನು ಉಳಿಸಿಡುವ ವ್ಯವಸ್ಥೆ ಇಲ್ಲ. ಜುಲೈ ತಿಂಗಳಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ತೊಂದರೆಯಲ್ಲ.

ನನ್ನ ಮುಖ್ಯ ಆಕ್ಷೇಪ ವಿವರಣೆಗಳ ಪಕ್ಷಪಾತದ ಬಗ್ಗೆ. ತಾಣದಲ್ಲಿ ಪ್ರತಿ ಬಗೆಗೂ ನಾಲ್ಕು ಇಂಗ್ಲಿಷ್ ಅಕ್ಷರಗಳ ಹೆಸರಿದೆ; ಮೊದಲ ಅಕ್ಷರ ಅಂತರ್ಮುಖಿಯೋ (ಐ) ಬಹಿರ್ಮುಖಿಯೋ (ಇ) ಎಂಬುದನ್ನು, ಎರಡನೆಯದು ಅಂತಃಪ್ರಜ್ಞೆಯನ್ನು (ಎನ್) ನಂಬುವವರೋ ಇಂದ್ರಿಯಗಳಿಗೆ ಸಿಗುವ ವಿವರವನ್ನು (ಎಸ್) ನಂಬುವವರೋ ಎಂಬುದನ್ನು ಹೇಳುತ್ತದೆ. ಅಂತಃಪ್ರಜ್ಞೆಯ ಗುಂಪಿಗೆ ಸೇರಿದ ಐಎನ್‌ಟಿಜೆ, ಐಎನ್‌ಎಫ್‌ಜೆ ಮುಂತಾದ ಬಗೆಗಳ ಪುಟಗಳಲ್ಲಿ ದೂರದೃಷ್ಟಿ, ಆಳ, ಅಪರೂಪದ ಪ್ರತಿಭೆ ಎಂಬ ಮಾತುಗಳು ತುಂಬಿದ್ದರೆ, ಕಣ್ಣೆದುರಿನ ವಿವರಗಳನ್ನು ನಂಬುವ ಐಎಸ್‌ಟಿಜೆ, ಐಎಸ್‌ಎಫ್‌ಜೆ ಬಗೆಯವರನ್ನು ನಿಯಮಪಾಲಕರು, ನಂಬಿಗಸ್ತರು, ಹೊಸದಕ್ಕೆ ಹಿಂಜರಿಯುವವರು ಎಂದು ಬೆನ್ನು ತಟ್ಟಿ ಮೂಲೆಗೆ ಕೂರಿಸಲಾಗಿದೆ. ಕಾಫಿ ತೋಟದ ಒಬ್ಬ ಅನುಭವಿ ರೈಟರ್ (ಮೇಲ್ವಿಚಾರಕ) ಕೆಲಸ ಮಾಡುವುದನ್ನು ನೋಡಿದವರಿಗೆ ಈ ವಿವರಣೆ ಎಷ್ಟು ಬಡವಾದದ್ದೆಂದು ತಿಳಿಯುತ್ತದೆ. ಬೇಸಿಗೆಯಲ್ಲಿ ರೋಬಸ್ಟಾ ಗಿಡದ ರೆಂಬೆಯನ್ನು ಬಗ್ಗಿಸಿ, ಮೊಗ್ಗು ಬಲಿತಿದೆಯೇ ಎಂದು ನೋಡಿ, ಸ್ಪ್ರಿಂಕ್ಲರನ್ನು ಯಾವ ಭಾಗಕ್ಕೆ ಮೊದಲು ಹಾಕಬೇಕು, ಯಾವುದು ಇನ್ನೂ ಕೆಲವು ದಿನ ಕಾಯಬಹುದು ಎಂದು ಆತ ನಿರ್ಧರಿಸುತ್ತಾನೆ. ಮುಂದಿನ ಫಸಲಿನ ಲೆಕ್ಕಾಚಾರವೆಲ್ಲ ಆ ನೋಟದಲ್ಲಿರುತ್ತದೆ. ಇದನ್ನು ದೂರದೃಷ್ಟಿಯಲ್ಲ ಎನ್ನುವುದು ಹೇಗೆ? ತಾಣಕ್ಕೆ ವಿವರಣೆ ಬರೆಯುವವರು ತಮ್ಮಂಥವರನ್ನೇ ಹೆಚ್ಚು ಮೆಚ್ಚಿಕೊಂಡು ಬರೆದಿದ್ದಾರೆ ಎಂಬ ಸಂಶಯ ನನಗೆ ಇಂದಿಗೂ ಹೋಗಿಲ್ಲ.

ನಿಖರತೆಯನ್ನು ಅಳೆಯಲು ಸ್ಟಾಫ್ ರೂಮಿನಲ್ಲಿ ಒಂದು ಸರಳ ಉಪಾಯ ಮಾಡಿದೆ. ಕೆಲವು ಬಗೆಗಳ ವಿವರಣೆಯನ್ನು ಪ್ರಿಂಟ್ ತೆಗೆದು, ಶೀರ್ಷಿಕೆಯನ್ನು ಕತ್ತರಿಸಿ, ತಮ್ಮದು ಯಾವುದೆಂದು ಗುರುತಿಸುವಂತೆ ಸಹೋದ್ಯೋಗಿಗಳನ್ನು ಕೇಳಿದೆ. ಹೆಚ್ಚಿನವರು ಎರಡು ಮೂರು ಹಾಳೆಗಳನ್ನು ಕೈಯಲ್ಲಿ ಹಿಡಿದು, ಎಲ್ಲವೂ ತಮ್ಮದೇ ಎಂದರು. ಗಣಿತದ ಮೇಡಂ ಮಾತ್ರ ಒಂದೂ ತಮ್ಮದಲ್ಲವೆಂದು ಹಾಳೆಗಳನ್ನು ಹಿಂತಿರುಗಿಸಿದರು. ಇದು ಹೊಸ ಸಂಗತಿಯೇನಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ, ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಸಿದ್ಧಪಡಿಸಿದ್ದೆಂದು ಹೇಳಿ, ಒಂದೇ ವ್ಯಕ್ತಿತ್ವ ವಿವರಣೆಯನ್ನು ಹಂಚಿದ್ದ. ಅದರ ನಿಖರತೆಗೆ ಅವರು ಐದರಲ್ಲಿ ಸರಾಸರಿ 4.26 ಅಂಕ ಕೊಟ್ಟರು. 1949ರಲ್ಲಿ ಪ್ರಕಟವಾದ ಆ ಪ್ರಯೋಗದ ವಾಕ್ಯಗಳಲ್ಲಿ ಬಹುಪಾಲು ಜ್ಯೋತಿಷ್ಯದ ಪುಸ್ತಕವೊಂದರಿಂದ ಬಂದವು. ಹಾಗಾಗಿ ಓದಿದಾಗ ‘ಇದು ನಾನೇ’ ಅನ್ನಿಸುವುದನ್ನು ಸರಿಯಾದ ವಿವರಣೆಯ ಲಕ್ಷಣವೆಂದು ಹಿಡಿಯಲಾಗದು.

ಇನ್ನೊಂದು ಕೊರತೆ ಅಕ್ಷರಗಳದ್ದು. ಸ್ವಿಸ್ ಮನಃಶಾಸ್ತ್ರಜ್ಞ ಕಾರ್ಲ್ ಯೂಂಗ್ ವ್ಯಕ್ತಿತ್ವದ ಬಗೆಗಳ ಕುರಿತು 1921ರಲ್ಲಿ ಮಂಡಿಸಿದ ವಿಚಾರಗಳನ್ನು ಕ್ಯಾಥರಿನ್ ಬ್ರಿಗ್ಸ್ ಮತ್ತು ಆಕೆಯ ಮಗಳು ಇಸಬೆಲ್ ಬ್ರಿಗ್ಸ್ ಮೈಯರ್ಸ್ ಪ್ರಶ್ನಾವಳಿಯಾಗಿ ರೂಪಿಸಿದರು; ಅದೇ ಮೈಯರ್ಸ್-ಬ್ರಿಗ್ಸ್ ಪರೀಕ್ಷೆ, ಹದಿನಾರು ಬಗೆಗಳ ಮೂಲ. ಈ ಪದ್ಧತಿಯಲ್ಲಿ ಒಬ್ಬ ವ್ಯಕ್ತಿ ಅಂತರ್ಮುಖಿ ಅಥವಾ ಬಹಿರ್ಮುಖಿ, ಎರಡರಲ್ಲಿ ಒಂದು. ವಾಸ್ತವದಲ್ಲಿ ಹೆಚ್ಚಿನವರ ಅಂಕ ನಡುವೆಯೇ ಬೀಳುತ್ತದೆ. ನಡುಗೆರೆಯ ಹತ್ತಿರ ಇರುವ ಹುಡುಗಿ ಮುಂದಿನ ಬಾರಿ ಒಂದೆರಡು ಪ್ರಶ್ನೆಗೆ ಬೇರೆ ಉತ್ತರ ಕೊಟ್ಟರೆ ಅಕ್ಷರ ಬದಲಾಗುತ್ತದೆ, ಅದರೊಂದಿಗೆ ಇಡೀ ವಿವರಣೆಯೂ ಬದಲಾಗುತ್ತದೆ. ತಾಣವು ಶೇಕಡಾವಾರು ತೋರಿಸುತ್ತದೆ ನಿಜ, ಆದರೆ 52 ಬಂದವರಿಗೂ 90 ಬಂದವರಿಗೂ ಅದೇ ಪುಟ.

ಪ್ರಶ್ನೆಗಳ ಹಿಂದಿರುವ ಬದುಕೂ ನಮ್ಮದಲ್ಲ. ಸಮಾರಂಭಗಳಲ್ಲಿ ಹೊಸಬರೊಡನೆ ಸಲೀಸಾಗಿ ಮಾತಾಡುತ್ತೀರಾ ಎಂಬ ಪ್ರಶ್ನೆಯನ್ನೇ ನೋಡಿ. ಕೊಡಗಿನ ಮದುವೆಯಲ್ಲಿ ಹೊಸಬರು ಯಾರು? ಯಾವ ಊರು, ಯಾವ ಮನೆತನ ಎಂದು ಕೇಳಿ ಮುಗಿಸುವಷ್ಟರಲ್ಲಿ ಎಲ್ಲೋ ಒಂದು ನಂಟು ಸಿಕ್ಕಿರುತ್ತದೆ. ತರಗತಿಯಲ್ಲಿ ಬಾಯಿ ಬಿಡದ ಮಗುವೂ ಈ ಪ್ರಶ್ನೆಗೆ ‘ಹೌದು’ ಎಂದು ಗುರುತು ಹಾಕಿ ಬಹಿರ್ಮುಖಿಯಾಗಿಬಿಡುತ್ತದೆ.

ಈಗ ನಾನು ಹೆಚ್ಚಾಗಿ ಬಳಸುತ್ತಿರುವುದು ಉಚಿತವಾಗಿ ಸಿಗುವ ಇನ್ನೊಂದು ಬಗೆಯ ಪರೀಕ್ಷೆಯನ್ನು. ಲೂಯಿಸ್ ಗೋಲ್ಡ್‌ಬರ್ಗ್ ಆರಂಭಿಸಿದ, ಯಾರು ಬೇಕಾದರೂ ಬಳಸಬಹುದಾದ ಪ್ರಶ್ನೆಗಳ ಭಂಡಾರವಾದ ಐಪಿಐಪಿಯಿಂದ (ಇಂಟರ್ನ್ಯಾಷನಲ್ ಪರ್ಸನಾಲಿಟಿ ಐಟಂ ಪೂಲ್) ಆಯ್ದು, ಜಾನ್ ಜಾನ್ಸನ್ ರೂಪಿಸಿದ 120 ಪ್ರಶ್ನೆಗಳ ಪರೀಕ್ಷೆ ಅದು. ಅದರಲ್ಲಿ ಬಗೆಗಳಿಲ್ಲ, ಐದು ಗುಣಗಳು, ಪ್ರತಿಯೊಂದರಲ್ಲೂ ಆರು ಉಪಗುಣಗಳು, ಪ್ರತಿಯೊಂದಕ್ಕೂ ಕಡಿಮೆ, ಸಾಧಾರಣ, ಹೆಚ್ಚು ಎಂಬ ಮಟ್ಟ. ಹದಿನಾರು ಬಗೆಗಳ ಪದ್ಧತಿ ಮುಟ್ಟದೇ ಬಿಟ್ಟ ಆತಂಕ, ಸಿಟ್ಟು, ಖಿನ್ನತೆಯ ಒಲವನ್ನು ಇದು ನೇರವಾಗಿ ಅಳೆಯುತ್ತದೆ. ಭಾಷೆ ಒಣಕಲು, ಚಿತ್ರಗಳಿಲ್ಲ, ಹೊಗಳಿಕೆಯಂತೂ ಇಲ್ಲವೇ ಇಲ್ಲ. ಆ ಐದರಲ್ಲೊಂದಾದ ಹೊಂದಿಕೊಂಡು ಹೋಗುವ ಗುಣ ಕಡಿಮೆ ಬಂದವರನ್ನು ಕೆಟ್ಟವರೆನ್ನದೆ, ಕಠಿಣ ನಿರ್ಧಾರ ಬೇಕಾದ ಕಡೆ ಆ ಗುಣದ ಹೆಚ್ಚಳವೇ ಅಡ್ಡಿಯಾಗಬಹುದೆಂದೂ, ಅದು ಕಡಿಮೆ ಇರುವವರು ಒಳ್ಳೆಯ ವಿಜ್ಞಾನಿಗಳೋ ವಿಮರ್ಶಕರೋ ಸೈನಿಕರೋ ಆಗಬಲ್ಲರೆಂದೂ ಹೇಳುತ್ತದೆ. (ನಮ್ಮ ಜಿಲ್ಲೆಯ ನಿವೃತ್ತ ಸುಬೇದಾರರು ಇದನ್ನು ಓದಿದರೆ ಮೀಸೆ ತಿರುವಿಯಾರು.) ಗುಣವೊಂದರ ಲಾಭವನ್ನೂ ಅದಕ್ಕೆ ತೆರಬೇಕಾದ ಬೆಲೆಯನ್ನೂ ಒಟ್ಟಿಗೆ ಹೇಳುವ ಇಂಥ ವಿವರಣೆಯನ್ನು ನಾನು ಚಂದಾ ಕಟ್ಟಿದ ತಾಣದಲ್ಲಿ ಕಂಡಿಲ್ಲ.

ಚಂದಾ ತಾಣಕ್ಕೆ ಐದರಲ್ಲಿ ಎರಡು ನಕ್ಷತ್ರ ಕೊಡುತ್ತೇನೆ. ಆ ಎರಡೂ, ತಮ್ಮ ಬಗ್ಗೆ ಮಾತಾಡಲು ಸಂಕೋಚಪಡುವ ಮಕ್ಕಳಿಂದ ಮೊದಲ ಮಾತು ಹೊರಡಿಸಿದ್ದಕ್ಕೆ. ಕೋರ್ಸ್ ಆಯ್ಕೆಗಾಗಲಿ, ಹೋಂಸ್ಟೇಗೆ ಕೆಲಸದವರನ್ನು ಆರಿಸುವುದಕ್ಕಾಗಲಿ ಇದನ್ನು ನಂಬಬೇಡಿ. ಮೈಯರ್ಸ್-ಬ್ರಿಗ್ಸ್ ಪರೀಕ್ಷೆಯ ಒಡೆತನವುಳ್ಳವರೇ ನೇಮಕಾತಿಗೆ ಅದನ್ನು ಬಳಸಕೂಡದೆಂದು ಹೇಳುತ್ತಾರೆ. ಚಂದಾ ಕಟ್ಟಲೇಬೇಕೆಂದಿದ್ದರೆ ಒಂದು ತಿಂಗಳಿಗೆ ಮಾತ್ರ ಕಟ್ಟಿ, ಬೇಕಾದ ವರದಿಗಳನ್ನು ಡೌನ್‌ಲೋಡ್ ಮಾಡಿಕೊಂಡು, ಅವಧಿ ಮುಗಿಯುವ ಮೊದಲೇ ತಾನಾಗಿ ನವೀಕರಣವಾಗುವ ಆಯ್ಕೆಯನ್ನು ತೆಗೆದುಹಾಕಿ.