ಟ್ರಿಪ್‌ನ ಕಣ್ಣೀರು, ವಾಟರ್ಸ್‌ನ ಗಂಟಲು

ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ 150 ರೂಪಾಯಿಗೆ ಸಿಕ್ಕ ‘ಗ್ಲೋರಿ’ (1989) ಡಿವಿಡಿ ಹತ್ತು ವರ್ಷಗಳಿಂದ ನನ್ನ ಕಪಾಟಿನಲ್ಲಿತ್ತು. ಕಳೆದ ತಿಂಗಳು 120 ರೂಪಾಯಿ ಕೊಟ್ಟು ‘ಎ ಸೋಲ್ಜರ್ಸ್ ಸ್ಟೋರಿ’ಯನ್ನು (1984) ಆನ್‌ಲೈನ್‌ನಲ್ಲಿ 48 ಗಂಟೆಗಳ ಬಾಡಿಗೆಗೆ ತೆಗೆದುಕೊಂಡೆ. ಎರಡೂ ಅಮೆರಿಕದ ಸೇನೆಯೊಳಗಿನ ವರ್ಣಭೇದದ ಕತೆಗಳು. ಎರಡರಲ್ಲೂ ನಾಯಕನನ್ನು ಮರೆತು ಪೋಷಕ ನಟನನ್ನು ನೆನಪಿಟ್ಟುಕೊಂಡು ಏಳುತ್ತೇವೆ. ಆಸ್ಕರ್ ಬಂದದ್ದು ‘ಗ್ಲೋರಿ’ಯ ಡೆಂಜೆಲ್ ವಾಷಿಂಗ್ಟನ್‌ಗೆ, ಇನ್ನೊಂದರ ಅಡಾಲ್ಫ್ ಸೀಸರ್‌ಗೆ ನಾಮನಿರ್ದೇಶನವಷ್ಟೇ. ನನ್ನ ಮತ ಸೀಸರ್‌ಗೆ. ಇದನ್ನು ಕೊನೆಯವರೆಗೆ ಬಚ್ಚಿಡುವುದರಲ್ಲಿ ಅರ್ಥವಿಲ್ಲ.

ಡೆಂಜೆಲ್ ಅವರ ಟ್ರಿಪ್ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವನು. ಅಮೆರಿಕದ ಅಂತರ್ಯುದ್ಧದಲ್ಲಿ ಕಾದಿದ ಕಪ್ಪು ಸೈನಿಕರ ಪಡೆಯಾದ, 1863ರ 54ನೇ ಮ್ಯಾಸಚೂಸೆಟ್ಸ್ ದಳದಲ್ಲಿ ಅವನಷ್ಟು ಉರಿಯುವವನು ಇನ್ನೊಬ್ಬನಿಲ್ಲ. ಬಿಳಿಯ ಸೈನಿಕರಿಗೆ ತಿಂಗಳಿಗೆ 13 ಡಾಲರ್, ತಮಗೆ 10 ಎಂದು ತಿಳಿದಾಗ ಆ ಸಂಬಳವೇ ಬೇಡವೆಂದು ಎಲ್ಲರನ್ನೂ ಎಬ್ಬಿಸುವವನು ಅವನೇ. ಬೂಟು ಹುಡುಕಿಕೊಂಡು ಪಾಳೆಯದಿಂದ ಹೊರಗೆ ಹೋಗಿದ್ದಕ್ಕೆ ಚಾಟಿಯೇಟು ತಿನ್ನುವ ದೃಶ್ಯವಂತೂ ಪ್ರಸಿದ್ಧ: ಅಂಗಿ ತೆಗೆದರೆ ಬೆನ್ನ ತುಂಬ ಹಳೆಯ ಏಟಿನ ಗುರುತುಗಳು, ಕದಲದ ನೋಟ, ಕೆನ್ನೆಯ ಮೇಲೆ ಇಳಿಯುವ ಹನಿ. ಪ್ರಶಸ್ತಿ ಕೊಟ್ಟವರು ತಪ್ಪು ಮಾಡಲಿಲ್ಲ. ಆದರೆ ಅಲ್ಲಿ ನೋಡುವವನಿಗೆ ಕೆಲಸವಿಲ್ಲ. ಯಾರ ಪರ ನಿಲ್ಲಬೇಕೆಂದು ಯೋಚಿಸುವ ಮೊದಲೇ ನಿಂತಿರುತ್ತೇವೆ.

ಸೀಸರ್ ಅವರ ಸಾರ್ಜೆಂಟ್ ವಾಟರ್ಸ್ ನಮ್ಮನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. 1944, ಲೂಸಿಯಾನ. ಕುಡಿದು ತೂರಾಡುತ್ತಿರುವ ವಾಟರ್ಸ್‌ನನ್ನು ಯಾರೋ ಗುಂಡಿಟ್ಟು ಕೊಲ್ಲುವುದರೊಂದಿಗೆ ಕತೆ ಶುರು. ತನಿಖೆಗೆ ಬರುವ ಕ್ಯಾಪ್ಟನ್‌ನೂ ಕಪ್ಪು ಮನುಷ್ಯ. ಅಂಥ ಅಧಿಕಾರಿಯನ್ನು ಆ ಠಾಣ್ಯದ ಸೈನಿಕರು ಕಂಡೇ ಇಲ್ಲ. ಸತ್ತವನು ಒಬ್ಬೊಬ್ಬರ ಹೇಳಿಕೆಯಲ್ಲಿ ತುಂಡುತುಂಡಾಗಿ ಎದ್ದು ಬರುತ್ತಾನೆ. ಬಿಳಿಯರು ಒಪ್ಪಿಕೊಳ್ಳಬೇಕಾದರೆ ತಮ್ಮವರೊಳಗಿನ ಹಳ್ಳಿಗಮಾರರನ್ನು ಕಿತ್ತೊಗೆಯಬೇಕು ಎನ್ನುವುದು ಅವನ ನಂಬಿಕೆ. ಗಿಟಾರ್ ಹಿಡಿದು ಹಾಡುವ, ಬೇಸ್‌ಬಾಲ್‌ನಲ್ಲಿ ತುಕಡಿಗೆ ಹೆಸರು ತಂದ ಸಿ.ಜೆ. ಎಂಬ ಹಸುವಿನಂಥ ಹುಡುಗನ ಮೇಲೆ ಸುಳ್ಳು ಆರೋಪ ಹೊರಿಸಿ, ಕೈಯೆತ್ತುವಂತೆ ಕೆಣಕಿ, ಸೆರೆಗೆ ತಳ್ಳುತ್ತಾನೆ. ಹುಡುಗ ಅಲ್ಲೇ ನೇಣು ಹಾಕಿಕೊಳ್ಳುತ್ತಾನೆ.

ಇನ್ನು ಆ ಬಾಡಿಗೆಯ ಗೋಳು. ಇಂಗ್ಲಿಷ್ ಸಬ್‌ಟೈಟಲ್ ಎರಡು ಸೆಕೆಂಡು ಮುಂದೆ ಓಡುತ್ತಿತ್ತು. ಹಾಸ್ಯಚಿತ್ರವಾಗಿದ್ದರೆ ಸಹಿಸಿಕೊಳ್ಳಬಹುದಿತ್ತು, ಇದು ಕೊಲೆಗಾರನನ್ನು ಹುಡುಕುವ ಕತೆ. ಬಾಯಿ ತೆರೆಯುವ ಮೊದಲೇ ತಪ್ಪೊಪ್ಪಿಗೆ ತೆರೆಯ ಕೆಳಗೆ ಬಂದು ಕೂತರೆ ಏನು ಗತಿ? ಸಹಾಯ ಕೇಂದ್ರಕ್ಕೆ ಬರೆದೆ. ಆ್ಯಪ್ ತೆಗೆದು ಮತ್ತೆ ಹಾಕಿಕೊಳ್ಳಿ ಎಂದರು. ಹಾಕಿಕೊಂಡೆ. ಲ್ಯಾಪ್‌ಟಾಪ್ ಬಿಟ್ಟು ಮೊಬೈಲ್‌ನಲ್ಲಿ ನೋಡಿದೆ. ಅಲ್ಲೂ ಅದೇ ಎರಡು ಸೆಕೆಂಡು. ಎರಡನೆಯ ಉತ್ತರದಲ್ಲಿ ಮೊದಲನೆಯ ಉತ್ತರವನ್ನೇ ಅಂಟಿಸಿ ಕಳುಹಿಸಿದ್ದರು. ಅಷ್ಟರಲ್ಲಿ 48 ಗಂಟೆಗಳಲ್ಲಿ ಏಳು ಖರ್ಚಾಗಿದ್ದವು.

ಸಬ್‌ಟೈಟಲ್ ತೆಗೆದುಹಾಕಿದರೆ ಇನ್ನೊಂದು ತೊಂದರೆ. ದಕ್ಷಿಣದ ರಾಜ್ಯಗಳ ಆ ಉಚ್ಚಾರಣೆ, ಅದರ ಮೇಲೆ ಸೀಸರ್ ಅವರ ಗಂಟಲು. ಹುಡುಗನಾಗಿದ್ದಾಗ ಬಂದ ಗಂಟಲ ಬೇನೆಯಿಂದ ಅವರ ದನಿ ತೀರ ತಗ್ಗಿ, ಒರಟಾಗಿತ್ತು. ಜಲ್ಲಿಯ ಮೇಲೆ ಗಾಡಿ ಎಳೆದಂತೆ. ಅರ್ಧ ಮಾತು ಜಾರಿಹೋಗುತ್ತಿತ್ತು. ಕೊನೆಗೆ ಮಗಳ ನೋಟ್‌ಬುಕ್ಕಿನ ರಟ್ಟು ಹರಿದು ತೆರೆಯ ಕೆಳಭಾಗಕ್ಕೆ ಅಂಟಿಸಿದೆ. ತೀರ ಅರ್ಥವಾಗದಿದ್ದಾಗ ಮಾತ್ರ ಎತ್ತಿ ಇಣುಕುವುದು, ಮತ್ತೆ ಮುಚ್ಚುವುದು. ಮೊದಲ ರಾತ್ರಿ ಹೀಗೆ, ಎರಡನೆಯ ರಾತ್ರಿ ರಟ್ಟಿಲ್ಲದೆ.

ರಟ್ಟಿನ ರಾತ್ರಿಯೇ ಹೆಚ್ಚು ಕೊಟ್ಟಿತು ಎನ್ನಲು ಹೊಟ್ಟೆಯುರಿಯುತ್ತದೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ನಲ್ಲಿದ್ದಾಗ ಬಿಳಿಯ ಸೈನಿಕರು ಕಪ್ಪು ಸೈನಿಕನೊಬ್ಬನಿಗೆ ದುಡ್ಡು ಕೊಟ್ಟು, ಬಾಲ ಕಟ್ಟಿ, ಕೋತಿಯಾಗಿ ಕುಣಿಸಿದ್ದನ್ನು ವಾಟರ್ಸ್ ಹೇಳುವ ಒಂದು ದೃಶ್ಯವಿದೆ. ತಾವೇ ಅವನ ಕತ್ತು ಕುಯ್ದದ್ದನ್ನೂ, ಆಗ ಅವನು ತಾನೇನು ತಪ್ಪು ಮಾಡಿದೆ ಎಂದು ಕೇಳಿದ್ದನ್ನೂ ಹೇಳುತ್ತಾನೆ. ಅಕ್ಷರಗಳಿಲ್ಲದೆ ಕೇಳಿದಾಗ ನನಗೆ ಸಿಕ್ಕಿದ್ದು ಮಾತಲ್ಲ, ಆ ದನಿ. ಅದರಲ್ಲಿ ಹೆಮ್ಮೆ ಇದೆ; ಹೆಮ್ಮೆಯ ಕೆಳಗೆ ಎಂದೂ ಆರದ ಅವಮಾನ. ಟ್ರಿಪ್‌ನ ಸಿಟ್ಟು ಹೊರಗೆ ಹೋಗುತ್ತದೆ. ವಾಟರ್ಸ್ ಬಿಳಿಯರ ದ್ವೇಷವನ್ನು ನುಂಗಿ, ಅದನ್ನೇ ತನ್ನವರ ಮೇಲೆ ಕಕ್ಕುತ್ತಾನೆ. ಅವರಂತಾಗಲು ಎಷ್ಟು ಒದ್ದಾಡಿದರೂ ಅವರ ದ್ವೇಷ ಕರಗಲಿಲ್ಲವೆಂದು ಸಾಯುವ ಮುಂಚೆ ಅವನಿಗೆ ಹೊಳೆದಿರುತ್ತದೆ. ಅವನನ್ನು ಕೊಂದವರು ಯಾರೆಂದು ನಾನು ಹೇಳುವುದಿಲ್ಲ. ನನಗಾದದ್ದು ನಿಮಗೆ ಬೇಡ.

ವಾಟರ್ಸ್‌ನನ್ನು ನಾನು ಗದಗಿನಿಂದ ಬೆಂಗಳೂರಿಗೆ ಓದಲು ಬಂದ ವರ್ಷವೇ ಸ್ವಲ್ಪ ಕಂಡಿದ್ದೆ. ಹಾಸ್ಟೆಲಿನಲ್ಲಿ ನಮ್ಮ ಮಾತಿನ ಧಾಟಿಯನ್ನು ಇಲ್ಲಿನವರು ಅಣಕಿಸಿದ್ದಕ್ಕಿಂತ ನಮ್ಮ ಕಡೆಯವರೇ ಆದ ಹಿರಿಯ ವಿದ್ಯಾರ್ಥಿಯೊಬ್ಬರು ‘ಇವರ ಮುಂದೆ ಹಾಗೆ ಮಾತನಾಡಿ ಮಾನ ಕಳೆಯಬೇಡ’ ಎಂದು ಗದರಿಸಿದ್ದು ಇಂದಿಗೂ ಚುಚ್ಚುತ್ತದೆ. ಎರಡೂ ಒಂದೇ ತೂಕದವಲ್ಲ, ಗೊತ್ತು. ಆದರೂ ಸಿ.ಜೆ.ಯ ಮುಖ ನೋಡುವಾಗ ಅವರ ನೆನಪಾಯಿತು.

ಸಂಗೀತ: ‘ಗ್ಲೋರಿ’ಗೆ ಜೇಮ್ಸ್ ಹಾರ್ನರ್, ಅದರ ಮುಂದೆ ಇನ್ನೊಂದು ನಿಲ್ಲುವುದಿಲ್ಲ. ಯುದ್ಧದ ದೃಶ್ಯ ಬೇಕೆಂದರೆ ‘ಗ್ಲೋರಿ’ಯೊಂದೇ, ವಾಟರ್ಸ್‌ನ ತುಕಡಿ ಹೆಚ್ಚಾಗಿ ಬೇಸ್‌ಬಾಲ್ ಆಡುತ್ತದೆ. ಇನ್ನೊಂದು ಮಜಾ: ಡೆಂಜೆಲ್ ಎರಡರಲ್ಲೂ ಇದ್ದಾರೆ. ‘ಸೋಲ್ಜರ್ಸ್ ಸ್ಟೋರಿ’ಯಲ್ಲಿ ಕನ್ನಡಕದ ಪೀಟರ್ಸನ್ ಆಗಿ ವಾಟರ್ಸ್‌ಗೆ ಎದುರು ನಿಲ್ಲುತ್ತಾರೆ, ಐದು ವರ್ಷ ಬಿಟ್ಟು ಬರಲಿದ್ದ ಟ್ರಿಪ್ ಅಲ್ಲೇ ಮೊಳಕೆಯೊಡೆದಂತಿದ್ದಾನೆ. ಚಾರ್ಲ್ಸ್ ಫುಲರ್ ಅವರ ಮೂಲ ನಾಟಕಕ್ಕೆ 1982ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಅದರ ಮೊದಲ ರಂಗಪ್ರಯೋಗದಲ್ಲೂ ಸೀಸರ್, ಡೆಂಜೆಲ್ ಇಬ್ಬರಿಗೂ ಇವೇ ಪಾತ್ರಗಳಿದ್ದವು. ಸೀಸರ್‌ಗೆ ಮುಂದೆ ಹೆಚ್ಚು ಕಾಲ ಸಿಗಲಿಲ್ಲ. 1986ರಲ್ಲಿ, 52ನೇ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡರು.

ನಾನು ಸಿನಿಮಾ ನೋಡುವುದು ಮನೆಯವರೆಲ್ಲ ಮಲಗಿದ ಮೇಲೆ, 14 ಇಂಚಿನ ಲ್ಯಾಪ್‌ಟಾಪಿನಲ್ಲಿ, ಇಯರ್‌ಫೋನ್ ಹಾಕಿಕೊಂಡು. ಆ ತೆರೆಯಲ್ಲಿ ‘ಗ್ಲೋರಿ’ಯ ವ್ಯಾಗ್ನರ್ ಕೋಟೆಯ ಕದನ ಇರುವೆ ಸಾಲಿನಂತೆ ಕಾಣುತ್ತದೆ. ಬರಾಕಿನಲ್ಲಿ ಗೊಗ್ಗರು ದನಿಯಲ್ಲಿ ಬಯ್ಯುವ ಮನುಷ್ಯ ಕಿವಿಯೊಳಗೇ ಕೂರುತ್ತಾನೆ. ಡಿವಿಡಿಯನ್ನು ತಮ್ಮನಿಗೆ ಕೊಟ್ಟೆ, ಅವನ ಮನೆಯಲ್ಲಿ ದೊಡ್ಡ ಟಿವಿ ಇದೆ. ರಟ್ಟು ಇನ್ನೂ ನನ್ನ ಮೇಜಿನ ಮೇಲಿದೆ; ಇನ್ನೊಮ್ಮೆ 120 ರೂಪಾಯಿ ಕೊಡಲಿದ್ದೇನೆ.