ಹೋಲ್ ಸಾ ಸೆಟ್: ಕಲಬುರಗಿಯಲ್ಲಿ ಕೆಲವು ವರ್ಷಗಳ ಬಳಕೆಯ ನಂತರ

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಕೊಂಡ ಬೈಮೆಟಲ್ (ಗಟ್ಟಿ ಉಕ್ಕಿನ ಹಲ್ಲು, ಮೆದು ಉಕ್ಕಿನ ಮೈ) ಹೋಲ್ ಸಾ ಸೆಟ್ಟನ್ನು, ಅಂದರೆ ಡ್ರಿಲ್ಲಿಗೆ ಹಾಕಿ ದೊಡ್ಡ ದುಂಡು ತೂತು ಕೊರೆಯುವ ಬಟ್ಟಲಿನಾಕಾರದ ಕಟರ್‌ಗಳನ್ನು, ಪ್ಲಂಬಿಂಗ್ ಮತ್ತು ವೈರಿಂಗ್ ಕೆಲಸಗಳಲ್ಲಿ ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಪೆಟ್ಟಿಗೆಯಲ್ಲಿರುವ ಅಳತೆಗಳಲ್ಲಿ ಅರ್ಧದಷ್ಟು ಇಂದಿಗೂ ಹೊಸದರಂತೆಯೇ ಇವೆ. ಆದ್ದರಿಂದ ದೊಡ್ಡ ಸೆಟ್ಟಿಗೆ ಹಣ ಸುರಿಯುವುದಕ್ಕಿಂತ ಬೇಕಾದ ಅಳತೆಗಳನ್ನು ಬಿಡಿಯಾಗಿ, ಒಳ್ಳೆಯ ಆರ್ಬರ್ (ಕಟರನ್ನು ಡ್ರಿಲ್ಲಿಗೆ ಜೋಡಿಸುವ ದಂಡ) ಜೊತೆಗೆ ಕೊಳ್ಳುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಸಾಮಾನ್ಯವಾಗಿ 30 ಮಿ.ಮೀ.ವರೆಗಿನ ಕಟರ್‌ಗಳಿಗೆ ಒಂದು ಆರ್ಬರ್, 32 ಮಿ.ಮೀ. ಮತ್ತು ಅದಕ್ಕಿಂತ ದೊಡ್ಡವಕ್ಕೆ ಇನ್ನೊಂದು ಬೇಕಾಗುತ್ತದೆ; ಅಂಗಡಿಯಲ್ಲೇ ತಿರುಗಿಸಿ ನೋಡಿಕೊಳ್ಳಬೇಕು.

ಕಬ್ಬಿಣದ ತಗಡಿನಲ್ಲಿ ಹಲ್ಲು ಬೇಗ ಸಾಯುವುದಕ್ಕೆ ಮುಖ್ಯ ಕಾರಣ ವೇಗ. 25 ಮಿ.ಮೀ. ಕಟರಿಗೆ ಮೆದು ಉಕ್ಕಿನಲ್ಲಿ ನಿಮಿಷಕ್ಕೆ ಸುಮಾರು 350 ಸುತ್ತು ಸಾಕು, 50 ಮಿ.ಮೀ.ಗೆ ಅದರ ಅರ್ಧ. ಮನೆಗಳಲ್ಲಿರುವ ಸಾಮಾನ್ಯ ಡ್ರಿಲ್ ಪೂರ್ತಿ ಒತ್ತಿದರೆ ಇದರ ಹಲವು ಪಟ್ಟು ವೇಗದಲ್ಲಿ ತಿರುಗುವುದರಿಂದ, ಹಲ್ಲು ನೀಲಿಗಟ್ಟಿ ಮೊಂಡಾಗುತ್ತದೆ. ಎರಡು ಹನಿ ಎಣ್ಣೆಯೂ ನಿಧಾನವೂ ಇದ್ದರೆ ಅದೇ ಕಟರ್ ಬಹುಕಾಲ ಬಾಳುತ್ತದೆ. ಪಕ್ಕದ ಹಿಡಿಕೆ ಹಾಕದೆ ದೊಡ್ಡ ಕಟರ್ ನಡೆಸುವುದಂತೂ ಬೇಡವೇ ಬೇಡ. ಹಲ್ಲು ಸಿಕ್ಕಿಕೊಂಡರೆ ಡ್ರಿಲ್ ಮಣಿಕಟ್ಟನ್ನೇ ತಿರುಚುತ್ತದೆ.

ನಮ್ಮ ಭಾಗದಲ್ಲಿ ನಿಜವಾದ ಪರೀಕ್ಷೆ ಶಹಾಬಾದ್ ಫರಸಿಯದು. ಇದಕ್ಕೆ ಬೈಮೆಟಲ್ ಸೆಟ್ ಯಾವ ಪ್ರಯೋಜನಕ್ಕೂ ಬಾರದು, ಡೈಮಂಡ್ ಕಟರನ್ನೇ ಬೇರೆ ಕೊಳ್ಳಬೇಕು. ಫರಸಿ ಸುಣ್ಣದ ಕಲ್ಲಾದ್ದರಿಂದ ಅಡುಗೆ ಕಟ್ಟೆಯ ಗ್ರಾನೈಟ್‌ಗಿಂತ ಬೇಗ ಕತ್ತರಿಸುತ್ತದೆ, ಆದರೆ ಪದರು ಪದರಾಗಿರುವ ಕಾರಣ ಕಟರ್ ಕೆಳಗೆ ಹೊರಬರುವ ಹೊತ್ತಿಗೆ ಅಂಚಿನ ಚಕ್ಕೆ ಎದ್ದುಹೋಗುತ್ತದೆ. ಡ್ರಿಲ್ಲಿನ ಹ್ಯಾಮರ್ (ಬಡಿತ) ಬಂದ್ ಇರಲೇಬೇಕು. ನಡುವೆ ಪೈಲಟ್ ಬಿಟ್ (ಕಟರನ್ನು ಜಾಗದಲ್ಲಿ ಹಿಡಿದಿಡುವ ಸಣ್ಣ ಡ್ರಿಲ್ ಬಿಟ್) ಇಲ್ಲದ ಡೈಮಂಡ್ ಕಟರ್ ನುಣುಪು ಕಲ್ಲಿನ ಮೇಲೆ ಜಾರುತ್ತದೆಯಾದ್ದರಿಂದ, ಅದೇ ಅಳತೆಯ ತೂತು ಕೊರೆದ ಪ್ಲೈವುಡ್ ತುಂಡನ್ನು ಕಲ್ಲಿಗೆ ಒತ್ತಿ ಹಿಡಿದು, ಅದರೊಳಗೆ ಕಟರ್ ಇಳಿಸುವುದು ಅತ್ಯಂತ ಸುರಕ್ಷಿತ. ದುಂಡನೆಯ ಗೆರೆ ಬಿದ್ದ ಮೇಲೆ ಪ್ಲೈವುಡ್ ತೆಗೆದು, ಗೆರೆಯ ಸುತ್ತ ಕಲಸಿದ ಹಿಟ್ಟಿನ ಸಣ್ಣ ಕಟ್ಟೆ ಕಟ್ಟಿ, ಒಳಗೆ ನೀರು ನಿಲ್ಲಿಸಿದರೆ ಕಟರ್ ಕಾಯುವುದಿಲ್ಲ, ಧೂಳೂ ಹಾರದೆ ಬೂದು ಕೆಸರಾಗಿ ಉಳಿಯುತ್ತದೆ. ಕೊನೆಯ ಕೆಲವು ಮಿಲಿಮೀಟರ್‌ಗಳಲ್ಲಿ ಒತ್ತಡ ತೀರ ಇಳಿಸಿ, ಕಲ್ಲಿನಡಿ ಹಲಗೆ ಕೊಟ್ಟಿದ್ದರೆ ಚಕ್ಕೆ ಏಳುವುದು ಬಹುಮಟ್ಟಿಗೆ ತಪ್ಪುತ್ತದೆ. ನೀರು ಮೋಟರಿಗೆ ಸಿಡಿಯದಂತೆ ಮಾತ್ರ ಎಚ್ಚರವಿರಬೇಕು.

ಬಾಗಿಲಿಗೆ ಬೀಗ ಕೂರಿಸುವಾಗ ಪೈಲಟ್ ಬಿಟ್ಟಿನ ತುದಿ ಆಚೆ ಕಂಡೊಡನೆ ನಿಲ್ಲಿಸಿ, ಆ ಕಡೆಯಿಂದ ಉಳಿದದ್ದನ್ನು ಕೊರೆದರೆ ಎರಡೂ ಮೈ ನೀಟಾಗಿರುತ್ತವೆ. ಜಿಪ್ಸಂ ಸೀಲಿಂಗಿಗೆ ಯಾವ ಹಳೆಯ ಕಟರ್ ಆದರೂ ನಡೆಯುತ್ತದೆ. ಆರ್‌ಸಿಸಿ ತೊಲೆಗೆ ಯಾವ ಕಟರನ್ನೂ ಹಚ್ಚಬಾರದು, ಒಳಗಿನ ಸರಳು ತುಂಡಾದರೆ ತೊಲೆಯ ಬಲವೇ ಕುಂದುತ್ತದೆ.

ಸೆಟ್ಟಿನ ಬಗ್ಗೆ ನನಗಿರುವ ದೂರು ಒಂದೇ: ಕತ್ತರಿಸಿದ ಬಿಲ್ಲೆ ಕಟರಿನೊಳಗೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ, ಪಕ್ಕದ ಸೀಳುಗಳು ತೀರ ಕಿರಿದಾಗಿರುವುದರಿಂದ ತೆಳುವಾದ ಸ್ಕ್ರೂಡ್ರೈವರ್ ಮಾತ್ರ ಒಳಗೆ ಹೋಗುತ್ತದೆ. ಮಾಳಿಗೆಯ ಪ್ಲಾಸ್ಟಿಕ್ ಟ್ಯಾಂಕಿಗೆ ತೂತು ಹಾಕುವಾಗ ಮಾತ್ರ ಬಿಲ್ಲೆ ಹೀಗೆ ಕಚ್ಚಿಕೊಳ್ಳುವುದು ಅನುಕೂಲವೇ, ಅದು ಟ್ಯಾಂಕಿನೊಳಗೆ ಬೀಳುವುದಿಲ್ಲ. ಸಣ್ಣ ಸಿಪ್ಪೆಗಳು ಹೇಗೂ ಬೀಳುತ್ತವೆ. ಪೈಪ್ ಜೋಡಿಸುವ ಮೊದಲೇ ಅವನ್ನು ಒರೆಸಿ ತೆಗೆಯದಿದ್ದರೆ ಕೆಳಗಿನ ನಲ್ಲಿಯ ಜಾಲರಿಯಲ್ಲಿ ಹೋಗಿ ಕೂರುತ್ತವೆ.